ಅಳತೆ ಪುಸ್ತಕ

ಕಾಯಿಲೆಯಿಂದ ನೆನಪಿನ ಶಕ್ತಿ ಕಳೆದುಕೊಂಡ ರೋಗಿಯೊಬ್ಬರಿಗೆ ದಿನದ ಕೆಲಸ ನಿಭಾಯಿಸಲು ಕಲಿಸಬೇಕಿತ್ತು. ಮೊದಲ ಭೇಟಿಯಲ್ಲೇ ನಾನು ಎಡವಿದೆ. ಹೆಸರು ಹೇಳಿ ಪರಿಚಯ ಮಾಡಿಕೊಂಡು, ಹತ್ತು ನಿಮಿಷ ಬಿಟ್ಟು, "ನನ್ನ ಹೆಸರೇನು ಹೇಳಿ ನೋಡೋಣ?" ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ "ಸುಜಾತ" ಅಂದರು. ಅಲ್ಲ ಅಂದೆ, ಸರಿಯಾದ ಹೆಸರು ಹೇಳಿಕೊಟ್ಟೆ. ಮುಂದಿನ ವಾರ ಕೇಳಿದರೆ ಸುಜಾತ. ಅದರ ಮುಂದಿನ ವಾರವೂ ಸುಜಾತ. ನನ್ನನ್ನು ಹಿಂದೆ ನೋಡಿದ ನೆನಪೇ ಅವರಿಗಿರಲಿಲ್ಲ. ಆದರೆ ತಾವೇ ಆಡಿದ ತಪ್ಪು ಹೆಸರು ಮಾತ್ರ ನಾಲಿಗೆಗೆ ಅಂಟಿಕೊಂಡಿತ್ತು.

ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಮರೆವಿನ ಕಾಯಿಲೆ ಇರುವವರಿಗೆ ಊಹೆ ಮಾಡಲು ಬಿಡದೆ, ತಪ್ಪೇ ಆಗದಂತೆ ಕಲಿಸಬೇಕು ಅಂತ ಮನಶ್ಶಾಸ್ತ್ರಜ್ಞರಾದ ಅಲನ್ ಬ್ಯಾಡ್ಲಿ, ಬಾರ್ಬರಾ ವಿಲ್ಸನ್ 1994ರಲ್ಲೇ ತೋರಿಸಿದ್ದರು. ನಾವು ತಪ್ಪಿನಿಂದ ಕಲಿಯುತ್ತೇವೆ ಅಂದರೆ, ತಪ್ಪು ಮಾಡಿದ್ದು ನಮಗೆ ನೆನಪಿರುತ್ತದೆ ಅಂತ ಅರ್ಥ. ಅದೇ ಇಲ್ಲದವರಿಗೆ, ಒಮ್ಮೆ ಬಾಯಿಗೆ ಬಂದದ್ದೇ ಮತ್ತೆ ಸಲೀಸಾಗಿ ಬರುತ್ತದೆ. ಪರೀಕ್ಷೆಯಲ್ಲಿ ಇದನ್ನು ಪುಟಗಟ್ಟಲೆ ಬರೆದು ಪಾಸಾದವಳು ನಾನು. ರೋಗಿ ಎದುರಿಗೆ ಕೂತಾಗ ಮರೆತೆ!

ಅವರು ತಿಪಟೂರು ಕಡೆಯ ಟೈಲರ್, ನಲವತ್ತೈದರ ಆಸುಪಾಸು. ಗುರುತು ಸಿಗದಿರಲಿ ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಜ್ವರ, ತಲೆನೋವು ಬಂತು. ಆಮೇಲೆ ಏನೇನೋ ಮಾತಾಡತೊಡಗಿದರು, ಫಿಟ್ಸ್ ಬಂತು. ಹರ್ಪಿಸ್ ಎನ್ಸೆಫಲೈಟಿಸ್. ತುಟಿಯ ಮೇಲೆ ಜ್ವರದ ಗುಳ್ಳೆ ಏಳಿಸುವ ಅದೇ ವೈರಸ್, ಅಪರೂಪಕ್ಕೆ ಮೆದುಳಿಗೆ ನುಗ್ಗಿದರೆ, ಮೆದುಳಿನಲ್ಲಿ ಕಿವಿಯ ನೇರಕ್ಕೆ ಒಳಗಿರುವ ಭಾಗಗಳನ್ನು ಹಾಳು ಮಾಡುತ್ತದೆ. ಹೊಸ ನೆನಪು ಕೂರಿಸುವ ಹಿಪೊಕ್ಯಾಂಪಸ್ ಇರುವುದು ಅಲ್ಲೇ. ಡಾಕ್ಟರು ಆ ವೈರಸ್ಸಿನ ಔಷಧಿ ಏಸೈಕ್ಲೊವಿರ್ ಕೊಟ್ಟು ಜೀವ ಉಳಿಸಿದರು. ಮಾತು, ಲೆಕ್ಕ, ತಮಾಷೆ ಎಲ್ಲ ಮೊದಲಿನಂತೆಯೇ ಉಳಿಯಿತು. ಬೆಳಿಗ್ಗೆ ಏನು ತಿಂದಿರಿ ಅಂದರೆ ಮಾತ್ರ ಇಲ್ಲ. ಕೆಲವೊಮ್ಮೆ "ನಿನ್ನೆ ಸಂತೆಗೆ ಹೋಗಿದ್ದೆ" ಅಂತ ವಿವರವಾಗಿ ಹೇಳುತ್ತಿದ್ದರು, ನಿನ್ನೆ ಮನೆಯಿಂದ ಹೊರಗೇ ಬಿದ್ದಿರಲಿಲ್ಲ. ಅದು ಸುಳ್ಳಲ್ಲ. ಖಾಲಿ ಜಾಗವನ್ನು ಮೆದುಳು ತಾನೇ ತುಂಬಿಕೊಳ್ಳುತ್ತದೆ, ಹೇಳುವವರಿಗೆ ಅದು ನಿಜವೇ.

ಮೊದಲ ಒಂದೂವರೆ ತಿಂಗಳು ಪದಗಳ ಪಟ್ಟಿ, ಚಿತ್ರದ ಕಾರ್ಡು, ಮೊಬೈಲಿನ ಆಟ ಅಂತ ಕಳೆದೆ. ಆಟದಲ್ಲಿ ಅವರ ಅಂಕ ಏರಿತು, ನನಗೂ ಖುಷಿಯಾಯಿತು. ಅವರ ಹೆಂಡತಿಗೆ ಮಾತ್ರ ಖುಷಿಯಾಗಲಿಲ್ಲ. "ಮೇಡಂ, ಇವರು ಮಾತ್ರೆ ಎರಡು ಸಲ ನುಂಗ್ತಾರಲ್ಲ, ಅದಕ್ಕೇನು ಮಾಡೋದು?" ಅಂದರು. ನೆನಪು ತೋಳಿನ ಸ್ನಾಯು ಅಲ್ಲ, ವ್ಯಾಯಾಮ ಮಾಡಿಸಿದರೆ ಉಬ್ಬುವುದಕ್ಕೆ. ಕಾರ್ಡಿನ ಆಟ ಆಡಿದರೆ ಕಾರ್ಡಿನ ಆಟ ಚೆನ್ನಾಗಿ ಬರುತ್ತದೆ, ಅಷ್ಟೇ. ಈಗಲೂ ಯಾರಾದರೂ 'ಮೆಮೊರಿ ಆ್ಯಪ್ ಯಾವುದು ಒಳ್ಳೇದು' ಅಂತ ಕೇಳಿದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಆಮೇಲೆ ಡೈರಿ ಕೊಟ್ಟೆ. ನೀಲಿ ರಟ್ಟಿನದು, ದಿನಕ್ಕೊಂದು ಪುಟ. ಬರೆದುಕೊಳ್ಳಿ ಅಂದೆ. ಡೈರಿ ಇದೆ ಅನ್ನುವುದೇ ನೆನಪಿಲ್ಲದವರು ಬರೆಯುವುದು ಹೇಗೆ? ಅದು ಟಿವಿ ಮೇಲೆ ಧೂಳು ಹಿಡಿಯಿತು.

ದಾರಿ ಸಿಕ್ಕಿದ್ದು ಅವರ ಅಂಗಡಿಯಲ್ಲಿ. ಅಂಗಡಿ ಮುಚ್ಚಿ ಏಳು ತಿಂಗಳಾಗಿತ್ತು, ಹೆಂಡತಿ ಬೀಗ ತೆಗೆದರು. ಅವರು ಸೀದಾ ಹೋಗಿ ಮೆಷಿನ್ ಮುಂದೆ ಕೂತರು. ಸೂಜಿಗೆ ದಾರ ಪೋಣಿಸಿ, ಬಿದ್ದಿದ್ದ ಚೂರಿನ ಮೇಲೆ ನೇರವಾಗಿ ಒಂದು ಹೊಲಿಗೆ ಹಾಕಿದರು. ಇದೂ ಪಾಠದಲ್ಲಿ ಓದಿದ್ದೇ. ಅಮೆರಿಕದ ಹೆನ್ರಿ ಮೊಲೇಸನ್‌ಗೆ 1953ರಲ್ಲಿ ಮೆದುಳಿನ ಆಪರೇಷನ್ ಆದಮೇಲೆ ಹೊಸದೇನೂ ನೆನಪಿನಲ್ಲಿ ನಿಲ್ಲಲಿಲ್ಲ. ಆದರೂ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವುದನ್ನು ಮೂರು ದಿನದಲ್ಲಿ ಕಲಿತ. ಕಲಿತದ್ದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಕೈಯ ನೆನಪು ಕೂರುವ ಜಾಗವೇ ಬೇರೆ.

ಮೆಷಿನ್ ಪಕ್ಕದಲ್ಲಿ ಉದ್ದನೆಯ ಅಳತೆ ಪುಸ್ತಕವಿತ್ತು. ಹೆಸರು, ಎದೆ, ಸೊಂಟ, ತೋಳು, ಕೊಡುವ ದಿನ, ಮೂಲೆಯಲ್ಲಿ ಪಿನ್ನು ಹೊಡೆದ ಬಟ್ಟೆ ಚೂರು. ಇಪ್ಪತ್ತು ವರ್ಷದಿಂದ ಟೇಪು ಕೈಗೆತ್ತಿಕೊಂಡಾಗಲೆಲ್ಲ ಈ ಪುಸ್ತಕ ತೆರೆದ ಮನುಷ್ಯನಿಗೆ ನಾನು ಪೇಟೆಯಿಂದ ಡೈರಿ ತಂದುಕೊಟ್ಟಿದ್ದೆ, ನೋಡಿ.

ಅದೇ ತರಹದ ಹೊಸ ಪುಸ್ತಕ ತರಿಸಿದೆವು. ಗಿರಾಕಿಯ ಹೆಸರಿನ ಜಾಗದಲ್ಲಿ ಕೆಲಸ: ಬೆಳಗಿನ ಮಾತ್ರೆ, ಹಾಲು ತರುವುದು, ಮಗಳ ಫೀಸು. ಪಕ್ಕದಲ್ಲಿ ಹೊತ್ತು. ಕೊನೆಯಲ್ಲಿ ಸರಿ ಗುರುತು. ಇನ್ನು ಪುಸ್ತಕ ನೋಡಬೇಕು ಅನ್ನುವುದನ್ನು ಕೂರಿಸಬೇಕಿತ್ತು. ಈ ಸಲ ಊಹೆಗೆ ಬಿಡಲಿಲ್ಲ. "ಏನಾದರೂ ನೆನಪಾಗದಿದ್ದರೆ ಅಳತೆ ಪುಸ್ತಕ ನೋಡ್ತೀನಿ ಅನ್ನಿ" ಅಂದೆ, ಅಂದರು. ಕೂಡಲೇ "ನೆನಪಾಗದಿದ್ದರೆ ಏನು ಮಾಡ್ತೀರಿ?" ಅಂತ ಕೇಳಿದೆ. "ಅಳತೆ ಪುಸ್ತಕ ನೋಡ್ತೀನಿ." ಅರ್ಧ ನಿಮಿಷ ಬಿಟ್ಟು ಮತ್ತೆ. ಆಮೇಲೆ ಒಂದು ನಿಮಿಷ, ಎರಡು, ನಾಲ್ಕು, ಎಂಟು. ನಡುವೆ ಹೊಲಿಗೆ ಮಾತು, ಕಾಜಾ ಮಾಡುವುದು ಹೇಗೆ ಅಂತ ಅವರೇ ನನಗೆ ಪಾಠ. ತಡವರಿಸಿದರೆ ಕಾಯದೆ ಉತ್ತರ ನಾನೇ ಹೇಳಿ, ಅವರಿಂದ ಹೇಳಿಸಿ, ಸರಿಯಾಗಿ ಬಂದಿದ್ದ ಹಿಂದಿನ ಅಂತರಕ್ಕೆ ವಾಪಸ್. ಉತ್ತರ ಹೇಳುತ್ತಲೇ ಕೈಯಲ್ಲಿ ಪುಸ್ತಕ ತೆರೆಯಲೂಬೇಕು. ಮೂರನೇ ವಾರ, ಯಾರೂ ಕೇಳದೆಯೇ ಅವರ ಕೈ ಪುಸ್ತಕಕ್ಕೆ ಹೋಯಿತು.

ಎಲ್ಲ ಸಲೀಸಾಗಲಿಲ್ಲ. ಒಂದು ದಿನ ಮಾತ್ರೆ ನುಂಗುವ ಮೊದಲೇ ಸರಿ ಗುರುತು ಹಾಕಿ, ಅಷ್ಟರಲ್ಲಿ ಬಾಗಿಲಿಗೆ ಯಾರೋ ಬಂದು, ಮಾತ್ರೆ ಮೇಜಿನ ಮೇಲೇ ಉಳಿಯಿತು. ಅಂದಿನಿಂದ ಪೆನ್ನನ್ನು ನೀರಿನ ಲೋಟದ ಕೆಳಗೆ ಇಡುವ ಪದ್ಧತಿ. ನೀರು ಕುಡಿದ ಮೇಲೇ ಪೆನ್ನು ಕೈಗೆ. ಇದು ಹೆಂಡತಿಯ ಉಪಾಯ, ನನ್ನದಲ್ಲ.

ಕಷ್ಟವಾಗಿದ್ದು ನೆಂಟರಿಗೆ ಕಲಿಸುವುದು. ಬಂದವರೆಲ್ಲ ಬಾಗಿಲಲ್ಲೇ ನಿಂತು "ನಾನ್ಯಾರು ಹೇಳು ನೋಡೋಣ?" ಅನ್ನುವವರೇ. ಪ್ರೀತಿಗೇ ಕೇಳುತ್ತಾರೆ, ಆದರೆ ಆ ಮನುಷ್ಯನ ಮುಖ ಬಾಡುತ್ತಿತ್ತು. ಬದಲಿಗೆ "ನಾನಪ್ಪಾ, ನಿನ್ನ ದೊಡ್ಡಮ್ಮನ ಮಗ, ಅರಸೀಕೆರೆಯಿಂದ ಬಂದೆ" ಅನ್ನಿ, ಸಾಕು ಅಂತ ಎಷ್ಟು ಸಲ ಹೇಳಿದೆನೋ. ಕೆಲವರು ಒಂದೆಲಗ ತಂದರು. ಚಟ್ನಿ ಚೆನ್ನಾಗಿರುತ್ತೆ, ತಿನ್ನಲಿ ಬಿಡಿ ಅಂದೆ.

ಇದೇ ದಾರಿ ಎಲ್ಲರಿಗೂ ಹೊಂದುತ್ತದೆ ಅಂದುಕೊಳ್ಳಬೇಡಿ. ಅಲ್ಝೈಮರ್ಸ್‌ನಲ್ಲಿ ಕಾಯಿಲೆ ಜಾಸ್ತಿಯಾಗುತ್ತಲೇ ಹೋಗುತ್ತದೆ, ಅಲ್ಲಿ ಗುರಿಯನ್ನು ಆಗಾಗ ಕಿರಿದು ಮಾಡಿಕೊಳ್ಳಬೇಕು. ಇವರದು ನಿಂತ ಕಾಯಿಲೆ, ಹಾಗಾಗಿ ಕಟ್ಟಿದ್ದು ಉಳಿಯಿತು.

ಈಗ ಅವರು ದಿನಕ್ಕೆ ಮೂರು ಗಂಟೆ ಅಂಗಡಿ ತೆರೆಯುತ್ತಾರೆ. ಫಾಲ್ ಹೊಲಿಯುವುದು, ಗುಂಡಿ ಹಾಕುವುದು, ಬಿಗಿ ಸಡಿಲ ಮಾಡುವುದು. ಹೊಸ ಬಟ್ಟೆ ಕತ್ತರಿಸುವಾಗ ಮಗಳು ಪಕ್ಕದಲ್ಲಿರುತ್ತಾಳೆ. ಕಳೆದ ಸಲ ಬಂದಾಗ ಪುಸ್ತಕ ತೆರೆದು ನನ್ನ ಹೆಸರು ಓದಿ, ಸರಿ ಗುರುತು ಹಾಕಿದರು. ನನ್ನನ್ನು ಕಂಡ ನೆನಪೇನೂ ಮುಖದಲ್ಲಿರಲಿಲ್ಲ. ಆಮೇಲೆ ನನ್ನ ಕುರ್ತಾದ ತೋಳನ್ನೇ ನೋಡುತ್ತಾ ಕೇಳಿದರು: "ಮೇಡಂ, ಇದನ್ನ ಯಾರು ಹೊಲಿದಿದ್ದು? ಎಡಗಡೆ ಅರ್ಧ ಇಂಚು ಏರಿದೆಯಲ್ಲ."