ಟೂಲ್ ಪಕ್ಕದಲ್ಲೇ ಎಕ್ಸ್, ವೈ, ಝಡ್: ಸೀರಿಯಲ್ ಡಿಸ್‌ಪ್ಲೇ ಕಟ್ಟುವುದು ಹೇಗೆ?

ಕಂಪ್ಯೂಟರ್ ಆದೇಶದಂತೆ ಕೊರೆಯುವ ಸಣ್ಣ ಸಿಎನ್‌ಸಿ ರೂಟರ್‌ಗಳಲ್ಲಿ ಟೂಲ್ ಒಂದು ಕಡೆ, ಅಳತೆ ತೋರಿಸುವ ಲ್ಯಾಪ್‌ಟಾಪ್ ಇನ್ನೊಂದು ಕಡೆ. ತುದಿಯನ್ನು ಜಾಬ್‌ಗೆ, ಅಂದರೆ ಕೊರೆಯಬೇಕಾದ ವಸ್ತುವಿಗೆ, ತಾಗಿಸಿ ಝೀರೊ ಹಿಡಿಯುವ ಹೊತ್ತಿಗೆ ಕತ್ತು ತಿರುಗಿಸಿ ಪರದೆ ನೋಡಬೇಕೆಂದರೆ ಟೂಲ್ ಮುರಿಯುವ ಭಯ. ಟೂಲನ್ನು ತಿರುಗಿಸುವ ಸ್ಪಿಂಡಲ್ ಪಕ್ಕದಲ್ಲೇ ಅಂಕಿ ಕಾಣುವಂತೆ ಮಾಡುವುದು ಕಷ್ಟವೇನಲ್ಲ. ಆರ್ಡುಯಿನೊ ಊನೊ ಬೋರ್ಡ್ ಮೇಲೆ ಮೋಟರ್ ನಡೆಸುವ ಜಿಆರ್‌ಬಿಎಲ್ 1.1 ಪ್ರೋಗ್ರಾಂ ಓಡುತ್ತಿರುವ ಮಷಿನ್‌ಗೆ ಹೊಂದುವ ವಿಧಾನ ಇಲ್ಲಿದೆ.

ಬೇಕಾಗುವುದು ಒಂದು ಇಎಸ್‌ಪಿ32 ಮೈಕ್ರೊಕಂಟ್ರೋಲರ್ ಬೋರ್ಡ್, 2.8 ಇಂಚಿನ ಟಿಎಫ್‌ಟಿ ಡಿಸ್‌ಪ್ಲೇ, 1 ಮತ್ತು 2 ಕಿಲೊ ಓಮ್‌ನ ಎರಡು ರೆಸಿಸ್ಟರ್, ಒಂದಿಷ್ಟು ಶೀಲ್ಡ್ ಇರುವ ಕೇಬಲ್. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಎಲ್ಲವೂ ಸಿಗುತ್ತದೆ.

ಮೊದಲ ಹೆಜ್ಜೆ ವೈರಿಂಗ್. ಊನೊದ 1ನೇ ಪಿನ್, ಅಂದರೆ ಟಿಎಕ್ಸ್, ಕಂಪ್ಯೂಟರಿಗೆ ಹೋಗುವ ಮಾತನ್ನೆಲ್ಲ ಹೊತ್ತಿರುತ್ತದೆ. ನಮ್ಮ ಡಿಸ್‌ಪ್ಲೇ ಅದನ್ನು ಕೇಳಿಸಿಕೊಂಡರೆ ಸಾಕು. ಊನೊ ಆದೇಶ ಪಡೆಯುವ ಆರ್‌ಎಕ್ಸ್ ಪಿನ್‌ಗೆ ಏನನ್ನೂ ಜೋಡಿಸಬೇಡಿ. ಒಂದೇ ತಂತಿಯಲ್ಲಿ ಕಂಪ್ಯೂಟರ್ ಮತ್ತು ಡಿಸ್‌ಪ್ಲೇ ಎರಡೂ ಮಾತಾಡಲು ಹೊರಟರೆ ಮಷಿನ್‌ಗೆ ಹೋಗುವ ಆದೇಶವೇ ಕೆಡಬಹುದು. ಊನೊ ಸಿಗ್ನಲ್ 5 ವೋಲ್ಟ್, ಇಎಸ್‌ಪಿ32 ತಾಳುವುದು 3.3 ವೋಲ್ಟ್. ಆದ್ದರಿಂದ ಟಿಎಕ್ಸ್‌ನಿಂದ 1 ಕಿಲೊ ಓಮ್ ದಾಟಿಸಿ ಇಎಸ್‌ಪಿ32ರ 16ನೇ ಪಿನ್‌ಗೆ ಕೊಡಿ, ಅದೇ ಬಿಂದುವಿನಿಂದ ಗ್ರೌಂಡ್‌ಗೆ 2 ಕಿಲೊ ಓಮ್ ಹಾಕಿ. ಎರಡೂ ಬೋರ್ಡ್‌ಗಳ ಗ್ರೌಂಡ್ ಒಂದಕ್ಕೊಂದು ಸೇರಿರಲೇಬೇಕು. ಶೀಲ್ಡನ್ನು ಒಂದೇ ತುದಿಯಲ್ಲಿ ಗ್ರೌಂಡ್ ಮಾಡಿ, ಕೇಬಲನ್ನು ಸ್ಪಿಂಡಲ್ ವೈರಿನಿಂದ ದೂರ ಎಳೆಯಿರಿ.

ಇನ್ನು ಪ್ರೋಗ್ರಾಂ. ಸೀರಿಯಲ್ ವೇಗ 115200. ಕಂಪ್ಯೂಟರಿನ ಸಾಫ್ಟ್‌ವೇರ್ ಸೆಕೆಂಡಿಗೆ ಸುಮಾರು ಐದು ಬಾರಿ ಒಂದು ಪ್ರಶ್ನಾರ್ಥಕ ಚಿಹ್ನೆ ಕಳಿಸುತ್ತದೆ. ಅದಕ್ಕೆ ಬರುವ ಉತ್ತರದ ರೂಪ ಹೀಗೆ (ನಿಜವಾದ ಸಾಲಿನಲ್ಲಿ ಪದಗಳು ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ: Idle, MPos, FS):

<ಐಡಲ್|ಎಂಪಾಸ್:-12.500,-40.000,-3.250|ಎಫ್‌ಎಸ್:0,0>

ಸಾಲು ಮುಗಿಯುವ ತನಕ ಅಕ್ಷರಗಳನ್ನು ಬಫರ್‌ನಲ್ಲಿ ತುಂಬಿಕೊಳ್ಳಿ. ಮೊದಲ ಅಕ್ಷರ ‘<’, ಕೊನೆಯದು ‘>’ ಆಗಿದ್ದರೆ ಮಾತ್ರ ಒಳಗೆ ಬಿಡಿ. ಉಳಿದದ್ದೆಲ್ಲ ‘ಓಕೆ’ ಥರದ ಉತ್ತರ ಅಥವಾ ಅರ್ಧಂಬರ್ಧ ಸಾಲು, ಎಸೆಯಿರಿ. ಆಮೇಲೆ ‘ಎಂಪಾಸ್’ ಹುಡುಕಿ, ಅಲ್ಪವಿರಾಮದ ನಡುವಿನ ಮೂರು ಸಂಖ್ಯೆ ತೆಗೆದುಕೊಳ್ಳಿ.

ಹೆಚ್ಚಿನವರು ಎಡವುವುದು ಇಲ್ಲೇ. ಎಂಪಾಸ್ ಎಂದರೆ ಮಷಿನ್‌ನ ಸ್ವಂತ ಮೂಲಬಿಂದುವಿನಿಂದ ಅಳೆದ ಸ್ಥಾನ. ಆಪರೇಟರ್‌ಗೆ ಬೇಕಾದದ್ದು ಜಾಬ್ ಮೇಲೆ ತಾನೇ ಹಿಡಿದ ಝೀರೊದಿಂದ ಎಷ್ಟು ದೂರ ಎಂಬುದು. ಈ ಎರಡರ ನಡುವಿನ ವ್ಯತ್ಯಾಸ ‘ಡಬ್ಲ್ಯುಸಿಒ’ (WCO) ಎಂಬ ಹೆಸರಿನಲ್ಲಿ ಬರುತ್ತದೆ, ಆದರೆ ಪ್ರತಿ ಸಾಲಿನಲ್ಲೂ ಅಲ್ಲ. ಮಷಿನ್ ಓಡುತ್ತಿರುವಾಗ ಮಾಮೂಲಾಗಿ 30 ಸಾಲಿಗೊಮ್ಮೆ, ಸುಮ್ಮನಿದ್ದಾಗ 10ಕ್ಕೊಮ್ಮೆ, ಝೀರೊ ಬದಲಾದ ಕೂಡಲೇ ಮತ್ತೊಮ್ಮೆ. ಕೊನೆಗೆ ಬಂದದ್ದನ್ನು ನೆನಪಿನಲ್ಲಿಟ್ಟುಕೊಂಡು ಪ್ರತಿ ಬಾರಿಯೂ ಎಂಪಾಸ್‌ನಿಂದ ಕಳೆಯಿರಿ. ಝಡ್‌ನ ಎಂಪಾಸ್ -3.250, ಡಬ್ಲ್ಯುಸಿಒ -5.250 ಇದ್ದರೆ ಟೂಲ್ ಜಾಬ್‌ನಿಂದ 2 ಮಿ.ಮೀ. ಮೇಲಿದೆ. ಮೊದಲ ಡಬ್ಲ್ಯುಸಿಒ ಬರುವ ತನಕ ಅಂಕಿಯ ಜಾಗದಲ್ಲಿ ಗೀಟುಗಳಿರಲಿ.

ಪರದೆಗೆ ಬರೆಯುವಾಗ ಪೂರ್ತಿ ಅಳಿಸಿ ಬರೆದರೆ ಮಿನುಗುತ್ತದೆ. ಹಿನ್ನೆಲೆ ಬಣ್ಣದ ಸಮೇತ ಹಳೆಯ ಅಂಕಿಯ ಮೇಲೇ ಬರೆಯಿರಿ, ಅಂಕಿಗಳ ಅಗಲ ಒಂದೇ ಇರಲಿ.

ನಾನು ಯಾವ ಕಾರಣಕ್ಕೂ ಬಿಡದ ಒಂದು ನಿಯಮವಿದೆ: ಒಂದು ಸೆಕೆಂಡು ಹೊಸ ಸಾಲು ಬಾರದಿದ್ದರೆ ಅಂಕಿ ಅಳಿಸಿ ಗೀಟು ತೋರಿಸಬೇಕು. ತಂತಿ ಕಿತ್ತುಹೋಗಿ ಹಳೆಯ 2.000 ಹಾಗೇ ನಿಂತಿದ್ದರೆ, ಅದನ್ನು ನಂಬಿ ಟೂಲ್ ಇಳಿಸುವವರ ಕೈ ಅದರ ಹತ್ತಿರವೇ ಇರುತ್ತದೆ.

ಇದು ನಿಜವಾದ ಚಲನೆಯನ್ನೇ ಅಳೆಯುವ ಲೀನಿಯರ್ ಸ್ಕೇಲ್ ಹಾಕಿದ ಡಿಆರ್‌ಒ (ಡಿಜಿಟಲ್ ರೀಡ್‌ಔಟ್) ಅಲ್ಲ ಎಂಬುದೂ ಗೊತ್ತಿರಲಿ. ಸ್ಟೆಪ್ಪರ್ ಮೋಟರ್ ಭಾರ ತಾಳದೆ ಹೆಜ್ಜೆ ತಪ್ಪಿದರೆ ಜಿಆರ್‌ಬಿಎಲ್‌ಗೆ ತಿಳಿಯುವುದಿಲ್ಲ. ತಾನು ತಲುಪಿದ್ದೇನೆ ಎಂದುಕೊಂಡ ಜಾಗವನ್ನೇ ಅದು ಹೇಳುತ್ತದೆ.

ಆದ್ದರಿಂದ ಪರೀಕ್ಷೆ ಡಯಲ್ ಗೇಜ್ ಇಟ್ಟೇ ಆಗಲಿ. ಸ್ಪಿಂಡಲ್ ಆಫ್ ಮಾಡಿ, ಎಕ್ಸ್ ಅನ್ನು 5 ಮಿ.ಮೀ. ಜಾಗ್ ಮಾಡಿ (ಅಂದರೆ ಆದೇಶ ಕೊಟ್ಟು ಸರಿಸಿ), ಗೇಜ್, ಡಿಸ್‌ಪ್ಲೇ, ಲ್ಯಾಪ್‌ಟಾಪ್ ಮೂರನ್ನೂ ಹೋಲಿಸಿ. ಆಮೇಲೆ ಸ್ಪಿಂಡಲ್ ಆನ್ ಮಾಡಿ ಅಂಕಿ ಜಿಗಿಯುತ್ತದೆಯೇ ನೋಡಿ. ಮತ್ತೆ ಆಫ್ ಮಾಡಿ ಟಿಎಕ್ಸ್ ತಂತಿ ಎಳೆಯಿರಿ; ಒಂದು ಸೆಕೆಂಡಿನಲ್ಲಿ ಗೀಟು ಬಾರದಿದ್ದರೆ ಪ್ರೋಗ್ರಾಂ ಸರಿಮಾಡುವ ತನಕ ಡಿಸ್‌ಪ್ಲೇಯನ್ನು ಮಷಿನ್ ಮೇಲೆ ಕೂರಿಸಬೇಡಿ.