ಕಾವೇರಿಯ ಗೂನು ಬೆನ್ನಿನ ಮಹಶೀರ್ ಬಲೆಗೆ ಬಿದ್ದರೆ

ಮೊದಲು ಬಾಲ ನೋಡಿ. ಕಿತ್ತಳೆ ಬಣ್ಣದ ರೆಕ್ಕೆ, ತಲೆಯ ಹಿಂದೆಯೇ ಏರುವ ಗೂನು ಕಂಡರೆ ಅದು ಕಾವೇರಿ ಜಲಾನಯನ ಬಿಟ್ಟು ಬೇರೆಲ್ಲೂ ಇಲ್ಲದ ಮೀನು. 2018ರಿಂದ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ನೀಲಿ ರೆಕ್ಕೆಯದು ಸಾಕಣೆ ಕೇಂದ್ರಗಳಿಂದ ತಂದು ಬಿಟ್ಟ ಬೇರೆ ಜಾತಿ. ಮೂಲದ ಮೀನಿನ ಜಾಗವನ್ನು ಅದು ಆಕ್ರಮಿಸಿರುವುದು ನನಗೆ ಇಂದಿಗೂ ಸಂಕಟದ ವಿಷಯ.

ನಾನು ಮೀನನ್ನು ನೀರಿನಿಂದ ಎತ್ತುವುದೇ ಇಲ್ಲ. ಕೈ ಒದ್ದೆ ಮಾಡಿಕೊಂಡು ಬಲೆಯನ್ನು ನೀರಿನಲ್ಲಿಯೇ ಕತ್ತರಿಸಿ. ಬಲೆಯನ್ನು ಮತ್ತೆ ಹೆಣೆಯಬಹುದು. ಹೊಟ್ಟೆಗೆ ಅಂಗೈ ಆನಿಸಿ, ತಲೆಯನ್ನು ಹರಿವಿಗೆ ಎದುರಾಗಿಸಿ, ಕಿವಿರು ಸಮವಾಗಿ ಆಡುವವರೆಗೆ ಕಾಯಿರಿ. ಹಿಂದೆಮುಂದೆ ಎಳೆದಾಡಬೇಡಿ. ತಾನಾಗಿಯೇ ಬಾಲ ಬಡಿದಾಗ ಬಿಡಿ.

ಮಹಶೀರ್‌ಗೆ ಮೊಟ್ಟೆಯಿಡಲು ಹರಳುಗಲ್ಲಿನ ತಳ ಬೇಕು. ಮರಳು ಬಗೆಯುವವರು, ಸಿಡಿಮದ್ದು ಹಾಕುವವರು ಕಂಡರೆ ಜಾಗ, ಹೊತ್ತು ಬರೆದಿಟ್ಟು ಅಂದೇ ಅರಣ್ಯ ಇಲಾಖೆಗೆ ತಿಳಿಸಿ.