ಮೂಲ ‘ಸ್ಟಾರ್ ಟ್ರೆಕ್’: ಮೊದಲ ಬಾರಿ ನೋಡುವವರು ಎಲ್ಲಿಂದ ಆರಂಭಿಸಬೇಕು

1966ರ ಸೆಪ್ಟೆಂಬರ್ 8ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾಗಿ 1969ರಲ್ಲಿ ನಿಂತ, ‘ಎಂಟರ್‌ಪ್ರೈಸ್’ ಎಂಬ ಬಾಹ್ಯಾಕಾಶ ನೌಕೆಯ ಸಿಬ್ಬಂದಿಯ ಕಥೆ ಹೇಳುವ ಮೂಲ ‘ಸ್ಟಾರ್ ಟ್ರೆಕ್’ ಸರಣಿಯ ಮೂರು ಸೀಸನ್‌ಗಳಲ್ಲಿ ಒಟ್ಟು 79 ಕಂತುಗಳಿವೆ. ಒಂದೆರಡು ಕಂತುಗಳನ್ನು ಬಿಟ್ಟರೆ ಪ್ರತಿಯೊಂದೂ ಸುಮಾರು 50 ನಿಮಿಷಗಳಲ್ಲಿ ಮುಗಿಯುವ ಬಿಡಿ ಕಥೆಯಾದ್ದರಿಂದ, ಮೊದಲಿನಿಂದ ಸಾಲಾಗಿಯೇ ನೋಡಬೇಕಾದ ಅಗತ್ಯವಿಲ್ಲ. ಮೊದಲು ಪ್ರಸಾರವಾದ ‘ದಿ ಮ್ಯಾನ್ ಟ್ರ್ಯಾಪ್’ ಸರಣಿಯ ನಿಜವಾದ ಸತ್ವವನ್ನು ತೋರಿಸುವುದಿಲ್ಲ.

ಹಾಸನ, ಚಿಕ್ಕಮಗಳೂರು ಕಡೆಯವರು ಮೊದಲ ಸೀಸನ್ನಿನ ‘ದಿ ಡೆವಿಲ್ ಇನ್ ದಿ ಡಾರ್ಕ್’ ಕಂತಿನಿಂದ ಆರಂಭಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ದೂರದ ಗ್ರಹವೊಂದರ ಗಣಿಯಲ್ಲಿ ಕಾಣದ ಜೀವಿಯೊಂದು ಕಾರ್ಮಿಕರನ್ನು ಕೊಲ್ಲುತ್ತಿದೆ. ಭಯದಿಂದಲೂ ಸಿಟ್ಟಿನಿಂದಲೂ ಕುದಿಯುತ್ತಿರುವ ಅವರಿಗೆ ಅದನ್ನು ಮುಗಿಸಿಬಿಡುವುದೊಂದೇ ದಾರಿಯಾಗಿ ಕಾಣುತ್ತದೆ. ಸಕಲೇಶಪುರ, ಆಲೂರು, ಬೇಲೂರುಗಳ ಕಾಫಿ ತೋಟಗಳಲ್ಲಿ ಆನೆ ದಾಳಿಗೆ ಮನೆಯವರನ್ನು ಕಳೆದುಕೊಂಡವರ ನೋವನ್ನೂ, ಆನೆಗಳ ದಾರಿ ಮುಚ್ಚಿದ್ದು ಯಾರೆಂಬ ಪ್ರಶ್ನೆಯನ್ನೂ ಒಟ್ಟಿಗೆ ಕೇಳಿರುವ ನಮಗೆ ಈ ಕಥೆ ಬೇರೆ ಲೋಕದ್ದೆನಿಸುವುದಿಲ್ಲ. ಆ ಜೀವಿ ಏಕೆ ಕೊಲ್ಲುತ್ತಿದೆ ಎಂಬುದನ್ನು ಇಲ್ಲಿ ಹೇಳುವುದು ಸರಿಯಲ್ಲ. ಅದನ್ನು ಉಳಿಸಬಹುದೇ ಎಂದು ಮೊದಲು ಕೇಳುವವರು ಯಾರು, ಎದುರಾದ ಕ್ಷಣದಲ್ಲಿ ಗುಂಡು ಹಾರಿಸಲು ಹಿಂಜರಿಯುವವರು ಯಾರು ಎಂಬುದನ್ನು ಮಾತ್ರ ಗಮನವಿಟ್ಟು ನೋಡಿ.

ಎರಡನೆಯದಾಗಿ ‘ಬ್ಯಾಲೆನ್ಸ್ ಆಫ್ ಟೆರರ್’ ನೋಡಬಹುದು. ಹಾಸನದ ಇಸ್ರೋ ಮುಖ್ಯ ನಿಯಂತ್ರಣ ಕೇಂದ್ರದಿಂದ ಸುಮಾರು 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹಕ್ಕೆ ಆದೇಶ ತಲುಪಲು ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ಸಮಯ ಸಾಕು. ಈ ಕಂತಿನಲ್ಲಿಯಾದರೋ ಗಡಿಯಲ್ಲಿ ಶತ್ರುನೌಕೆ ಎದುರಾದಾಗ ಮೇಲಧಿಕಾರಿಗಳ ಕೇಂದ್ರದಿಂದ ಉತ್ತರ ಬರಲು ಗಂಟೆಗಳೇ ಬೇಕಾಗುವುದರಿಂದ, ಯುದ್ಧವೋ ಶಾಂತಿಯೋ ಎಂಬುದನ್ನು ಎಂಟರ್‌ಪ್ರೈಸ್‌ನ ಕ್ಯಾಪ್ಟನ್ ಕರ್ಕ್ ತಾನೇ ನಿರ್ಧರಿಸಬೇಕು. ತರ್ಕವನ್ನು ಮುಂದಿಡುವ ನೌಕೆಯ ಅಧಿಕಾರಿ ಸ್ಪಾಕ್, ಮನುಷ್ಯರ ನೋವನ್ನು ಮುಂದಿಡುವ ನೌಕೆಯ ಡಾಕ್ಟರ್ ಮೆಕಾಯ್, ಇಬ್ಬರ ನಡುವೆ ನಿಂತ ಕರ್ಕ್: ಈ ಮೂವರ ವಾದವೇ ಸರಣಿಯ ಜೀವಾಳವಾದ್ದರಿಂದ, ಮೊಬೈಲ್ ಬದಿಗಿಟ್ಟು ಸಬ್‌ಟೈಟಲ್ ಹಾಕಿಕೊಂಡು ಮಾತುಗಳನ್ನು ಪೂರ್ತಿಯಾಗಿ ಕೇಳಬೇಕು.

ಬಂಡೆಗಳು ಕೃತಕವೆಂಬುದು ಕಣ್ಣಿಗೆ ಬೀಳುತ್ತದೆ. ಅದನ್ನು ನಾಟಕದ ರಂಗಸಜ್ಜಿಕೆಯಂತೆ ಒಪ್ಪಿಕೊಳ್ಳಿ. ವಾರವಾರವೂ ನೌಕೆಯನ್ನು ಗ್ರಹದ ಮೇಲೆ ಇಳಿಸುವ ದೃಶ್ಯಕ್ಕೆ ಹಣ ಸಾಲದೆಂದೇ, ಮನುಷ್ಯರನ್ನು ಕ್ಷಣದಲ್ಲಿ ಕೆಳಗೆ ಕಳುಹಿಸುವ ‘ಟ್ರಾನ್ಸ್‌ಪೋರ್ಟರ್’ ಹುಟ್ಟಿಕೊಂಡಿತು. 2006ರಿಂದ ಹೊರಬಂದ ಪರಿಷ್ಕೃತ ಆವೃತ್ತಿಯಲ್ಲಿ ಬಾಹ್ಯಾಕಾಶದ ದೃಶ್ಯಗಳನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ರಚಿಸಲಾಗಿದೆ. ಎರಡೂ ಸಿಕ್ಕರೆ ಹಳೆಯದನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಮುಂದೆ ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’, ಎರಡನೇ ಸೀಸನ್ನಿನ ‘ಅಮಾಕ್ ಟೈಮ್’, ಹಗುರವಾದ ‘ದಿ ಟ್ರಬಲ್ ವಿತ್ ಟ್ರಿಬಲ್ಸ್’ ನೋಡಿ, ದಿನಕ್ಕೊಂದರಂತೆ. ಮಳೆಗಾಲದಲ್ಲಿ ತೋಟದ ಮನೆಗಳಲ್ಲಿ ಕರೆಂಟೂ ನೆಟ್‌ವರ್ಕೂ ಕೈಕೊಡುವುದರಿಂದ, ಪೇಟೆಗೆ ಹೋದಾಗಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಬಜೆಟ್ ಕಡಿತದಿಂದ ಸೊರಗಿದ ಮೂರನೇ ಸೀಸನ್ ಕೊನೆಗಿರಲಿ; ಅದನ್ನೂ ‘ಸ್ಪಾಕ್ಸ್ ಬ್ರೇನ್’ ಬಿಟ್ಟು, ‘ದಿ ಎಂಟರ್‌ಪ್ರೈಸ್ ಇನ್ಸಿಡೆಂಟ್’ ಕಂತಿನಿಂದ ಆರಂಭಿಸಿ.